ಕ್ರೇಟಿನ ಕಿತ್ತಳೆಗೆ ಹಸಿರು ಬೂಸ್ಟು: ಸಿಪ್ಪೆ ಎಣ್ಣೆ ಸಿಂಪಡಿಸಬಹುದೇ?

ಕಾಫಿನೆರಳು:
ಕಾಫಿ ನಡುವೆ ಬೆಳೆದ ಕೊಡಗಿನ ಕಿತ್ತಳೆ. ಕೈಯಲ್ಲೇ ಎಳೆದು ಕಿತ್ತು ಕ್ರೇಟಿಗೆ ತುಂಬುತ್ತಾರೆ. ನಾಲ್ಕೈದು ದಿನಕ್ಕೆ ತೊಟ್ಟಿನ ಹತ್ತಿರ ಮೆತ್ತಗಾಗಿ ಬಿಳಿ ಬೂಸ್ಟು, ಅದರ ನಡುವೆ ಹಸಿರು ಪುಡಿ. ಕೆಲವು ಹಣ್ಣಿಗೆ ಪುಡಿಯೇ ಇಲ್ಲ, ನೀರುನೀರಾಗಿ ಹುಳಿ ವಾಸನೆ ಹೊಡೆಯುತ್ತದೆ. ಕಿತ್ತಳೆ ಸಿಪ್ಪೆಯ ಎಣ್ಣೆ ಬೂಸ್ಟು ಕೊಲ್ಲುತ್ತದಂತೆ, ನೀರಿಗೆ ಬೆರೆಸಿ ಹೊಡೆದರೆ ಹೇಗೆ? ಶಿಲೀಂಧ್ರನಾಶಕ ಬೇಡ. ಬಲ್ಲವರು ತಿಳಿಸಿ.

ತೊಟ್ಟುಕತ್ತರಿ:
ಇವು ಎರಡು ಬೇರೆ ರೋಗ. ಹಸಿರು ಪುಡಿ ಪೆನಿಸಿಲಿಯಂ ಡಿಜಿಟೇಟಮ್ ಎಂಬ ಶಿಲೀಂಧ್ರದ್ದು. ಹುಳಿ ವಾಸನೆಯದು ಜಿಯೋಟ್ರೈಕಮ್ ಎಂಬ ಇನ್ನೊಂದು ಶಿಲೀಂಧ್ರ. ಅದು ಮಣ್ಣಿನಿಂದ ಬರುತ್ತದೆ, ಉದುರಿದ ಹಣ್ಣನ್ನು ಕ್ರೇಟಿಗೆ ಸೇರಿಸಲೇಬೇಡಿ. ಪುಡಿ ನೀಲಿಯಾಗಿ ಬಿಳಿ ಅಂಚು ತೆಳ್ಳಗಿದ್ದರೆ ಪೆನಿಸಿಲಿಯಂ ಇಟಾಲಿಕಮ್. ಅದು ಪಕ್ಕದ ಒಳ್ಳೆಯ ಹಣ್ಣಿಗೂ ತಗುಲಿಕೊಂಡೇ ಹಬ್ಬುತ್ತದೆ, ತಂಪಿನಲ್ಲೂ ಹಸಿರಿಗಿಂತ ಚುರುಕು.

ಹಸಿರು ಬೂಸ್ಟಿಗೆ ಗಾಯ ಬೇಕೇಬೇಕು. ನಮ್ಮ ಕಿತ್ತಳೆಯ ಸಿಪ್ಪೆ ಸಡಿಲ. ಎಳೆದು ಕಿತ್ತರೆ ತೊಟ್ಟಿನ ಬಳಿ ಹರಿಯುತ್ತದೆ. ಕೊಳೆ ಅಲ್ಲೇ ಶುರುವಾಗುವುದು ಅದಕ್ಕೇ. ಇಬ್ಬನಿ ಆರಿದ ಮೇಲೆ ಕತ್ತರಿಯಿಂದ ಕೊಯ್ಯಿರಿ, ತೊಟ್ಟನ್ನು ಹಣ್ಣಿಗೆ ಸಮವಾಗಿ ಕತ್ತರಿಸಿ. ಉಳಿದ ಕಡ್ಡಿ ಪಕ್ಕದ ಹಣ್ಣನ್ನು ಚುಚ್ಚುತ್ತದೆ. ಅರ್ಧ ಸಮಸ್ಯೆ ಇಲ್ಲೇ ಮುಗಿಯುತ್ತದೆ, ಔಷಧಿ ಆಮೇಲಿನ ಮಾತು.

ಸಿಪ್ಪೆರಸ:
ಎಣ್ಣೆ ಹೊಡೆಯಬೇಡಿ. ಕಿತ್ತಳೆ ಎಣ್ಣೆಯಲ್ಲಿ ಶೇ 90ಕ್ಕೂ ಹೆಚ್ಚು ಲಿಮೊನೀನ್ ಎಂಬ ವಾಸನೆಯ ವಸ್ತು. ಗಾಯದಿಂದ ಹೊರಬೀಳುವ ಲಿಮೊನೀನ್ ಆವಿ ಈ ಬೂಸ್ಟಿನ ಬೀಜಕಣ ಮೊಳೆಯಲು ಪ್ರಚೋದನೆ ಕೊಡುತ್ತದೆ, ಅಂದರೆ ಶತ್ರುವಿಗೆ ಊಟದ ಕರೆ. ಸಾಲದ್ದಕ್ಕೆ ಎಣ್ಣೆ ತಗುಲಿದ ಕಡೆ ಸಿಪ್ಪೆ ಸುಟ್ಟು ಕಂದು ಕಲೆ ಬೀಳುತ್ತದೆ. ಬೂಸ್ಟು ತಡೆಯುವುದು ಸಿಟ್ರಾಲ್ ಎಂಬ ಬೇರೆ ವಾಸನೆಯ ವಸ್ತು. ಅದು ನಿಂಬೆ ಜಾತಿಯ ಸಿಪ್ಪೆಯಲ್ಲಿ ಹೆಚ್ಚು, ಹಣ್ಣು ಹಳತಾದಂತೆ ಕಡಿಮೆಯಾಗುತ್ತದೆ. ಗಾಯವಾದ ಸಿಪ್ಪೆ ತಾನಾಗಿ ಸ್ಕೋಪರೋನ್ ಎಂಬ ರಕ್ಷಕ ವಸ್ತುವನ್ನೂ ತಯಾರಿಸುತ್ತದೆ. ಆದರೆ ಅದು ಸೇರುವಷ್ಟರಲ್ಲಿ ಶಿಲೀಂಧ್ರ ಒಳಹೊಕ್ಕಿರುತ್ತದೆ.

ಸೋಡಾಬಾನಿ:
ಶಿಲೀಂಧ್ರನಾಶಕ ಬೇಡವೆಂದರೆ ಅಡುಗೆ ಸೋಡಾ ಇದೆ. ಈ ಬೂಸ್ಟು ಸಿಟ್ರಿಕ್, ಗ್ಲುಕೋನಿಕ್ ಆಮ್ಲಗಳನ್ನು ಬಿಟ್ಟು ಸಿಪ್ಪೆಯನ್ನು ಹುಳಿಯಾಗಿಸುತ್ತದೆ. ಆ ಹುಳಿಯಲ್ಲೇ ಅದರ ಪೆಕ್ಟಿನ್ (ಸಿಪ್ಪೆಯ ಕೋಶಗಳನ್ನು ಅಂಟಿಸಿ ಹಿಡಿಯುವ ವಸ್ತು) ಕರಗಿಸುವ ಕಿಣ್ವಗಳು ಚೆನ್ನಾಗಿ ಕೆಲಸ ಮಾಡುವುದು. ಸೋಡಾ ಗಾಯದೊಳಗೆ ಉಳಿದು ಆ ಹುಳಿಯನ್ನು ಮುರಿಯುತ್ತದೆ.

ಮೊದಲು ಹಣ್ಣು ತೊಳೆಯಿರಿ: 100 ಲೀಟರ್ ನೀರಿಗೆ 5% ಸೋಡಿಯಂ ಹೈಪೋಕ್ಲೋರೈಟ್ (ಕ್ಲೋರಿನ್ ಬ್ಲೀಚ್ ದ್ರಾವಣ) 400 ಮಿಲಿ (200 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 200 ಭಾಗ), ಪಿಎಚ್ (ಹುಳಿ-ಕ್ಷಾರದ ಅಳತೆ) 7ರ ಆಸುಪಾಸು. ಕೆಸರಾದ ನೀರಲ್ಲಿ ಕ್ಲೋರಿನ್ ಬೇಗ ಸಾಯುತ್ತದೆ, ಬದಲಿಸಿ. ಆಮೇಲೆ 100 ಲೀಟರಿಗೆ 3 ಕೆಜಿ ಸೋಡಾ ಕರಗಿಸಿ, ಸುಮಾರು 40 ಡಿಗ್ರಿಗೆ ಕಾಯಿಸಿ 2-3 ನಿಮಿಷ ಮುಳುಗಿಸಿ. ಸ್ವಲ್ಪವೇ ನೀರಲ್ಲಿ ಜಾಲಾಡಿಸಿ ಫ್ಯಾನ್ ಕೆಳಗೆ ಆರಿಸಿ. ಜಾಲಾಡಿಸದಿದ್ದರೆ ಹಣ್ಣಿನ ತೂಕ ಇಳಿಯುತ್ತದೆ, ಹೆಚ್ಚು ತೊಳೆದರೆ ಸೋಡಾವೇ ಹೋಗುತ್ತದೆ. ಕೊಯ್ದ 24 ಗಂಟೆಯೊಳಗೆ ಆಗಬೇಕು. ಆಗಲೇ ಮೆತ್ತಗಾದ ಹಣ್ಣನ್ನು ಇದು ಉಳಿಸದು.

ಕಾಫಿನೆರಳು:
ಒಂದೇ ಬಾನಿ ನೀರನ್ನು ಇಡೀ ದಿನ ಬಳಸಬಹುದಾ?

ಸೋಡಾಬಾನಿ:
ಬೇಡ ಸಾರ್. ಸೋಡಾ ಬೀಜಕಣವನ್ನು ಕೊಲ್ಲುವುದಿಲ್ಲ, ಬೆಳವಣಿಗೆ ತಡೆಯುತ್ತದೆ ಅಷ್ಟೆ. ಕೊಳೆತ ಒಂದು ಹಣ್ಣು ಬಿದ್ದರೂ ಆ ನೀರೇ ಉಳಿದವಕ್ಕೆಲ್ಲ ಬೀಜಕಣ ಹಚ್ಚುತ್ತದೆ. ಕೊಳೆತದ್ದನ್ನು ಶೆಡ್ಡಿನ ಹೊರಗೆ, ಅಲುಗಾಡಿಸದೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಖಾಲಿ ಕ್ರೇಟುಗಳನ್ನೂ ಕ್ಲೋರಿನ್ ನೀರಲ್ಲಿ ತೊಳೆಯಿರಿ.