‘ಆಲ್ ದ ಥಿಂಗ್ಸ್ ಯು ಆರ್’: 6ನೇ ಬಾರ್ ಬಂದ ಕೂಡಲೇ ಎಲ್ಲಾ ಅಪಸ್ವರ, ಯಾಕೆ?

ಕಮಾನು
ತಲೆ ಕೆಟ್ಟು ಹೋಗಿದೆ, ಯಾರಾದರೂ ದಾರಿ ತೋರಿಸಿ. ಜೆರೋಮ್ ಕರ್ನ್ ಅವರ ಈ ಹಾಡನ್ನು ಜಾಜ್ ರೀತಿಯಲ್ಲಿ, ಮಾಮೂಲಿ ಎ ಫ್ಲಾಟ್ ಕೀಯಲ್ಲೇ (ಎ ಫ್ಲಾಟ್ ಷಡ್ಜವಾಗಿ) ಅಭ್ಯಾಸ ಮಾಡುತ್ತಿದ್ದೇನೆ. ಮೊದಲ ಐದು ಬಾರ್ (ತಾಳದ ಆವರ್ತ ಇದ್ದ ಹಾಗೆ) ಸಲೀಸು. ಏನು ನುಡಿಸಿದರೂ ಕೂಡುತ್ತದೆ. 6ನೇ ಬಾರ್‌ನಲ್ಲಿ ಜಿ 7 ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬಂತು ಅಂದರೆ ಕಸಿವಿಸಿ ಶುರು. 7 ಮತ್ತು 8ರಲ್ಲಿ ಸಿ ಮೇಜರ್, ಅಲ್ಲಿ ಪೂರ್ತಿ ಕೆಟ್ಟು ಹೋಗುತ್ತದೆ. ನುಡಿಸುತ್ತಿರುವುದು ಸಿ ಮೇಜರ್ ಸ್ಕೇಲೇ. ಟ್ಯೂನರ್ ಇಟ್ಟು ನೋಡಿದೆ, ಸ್ವರ ಸರಿಯಾಗಿಯೇ ಇದೆ. 15ನೇ ಬಾರ್‌ನಲ್ಲಿ ಜಿ ಮೇಜರ್ ಬಂದಾಗಲೂ ಇದೇ ಪಾಡು. ವಿಚಿತ್ರ ಅಂದರೆ, ಬ್ರಿಡ್ಜ್‌ನ (ಹಾಡಿನ ನಡುಭಾಗದ) ಇ ಮೇಜರ್ ಮಾತ್ರ ಚೆನ್ನಾಗಿ ಕೇಳುತ್ತದೆ. ಅದು ಎ ಫ್ಲಾಟ್‌ನಿಂದ ಎಷ್ಟೋ ದೂರದ ಕೀ ಅಲ್ವಾ? ಸ್ಕೇಲ್ ಎಲ್ಲಾ ಬಾಯಿಪಾಠ ಆಗಿದೆ. ಇನ್ನೇನು ಕಲಿಯಬೇಕು ಅಂತಲೇ ತಿಳಿಯುತ್ತಿಲ್ಲ.

ಸೆಮಿಹಾಲೊ
ಇದು ಟ್ರೈಟೋನ್ ಸಬ್ (ಮೂರು ಮನೆ ದೂರದ ಬದಲಿ ಕಾರ್ಡ್), ನೂರಕ್ಕೆ ನೂರು. ಹಿಮ್ಮೇಳಕ್ಕೆ ಯಾವ ಟ್ರ್ಯಾಕ್ ಹಾಕಿಕೊಂಡಿದ್ದೀರಿ? ಎಷ್ಟೋ ಟ್ರ್ಯಾಕ್‌ಗಳಲ್ಲಿ ಜಿ 7 ಬದಲು ಡಿ ಫ್ಲಾಟ್ 7 ಇರುತ್ತದೆ. ನೀವು ಜಿ 7 ಅಂದುಕೊಂಡು ಡಿ, ಎ ಹಿಡಿದರೆ ಬಾಸ್ ಜೊತೆ ಜಗಳ ಗ್ಯಾರಂಟಿ. ಅಂದ ಹಾಗೆ ಗಿಟಾರಿನ ನೆಕ್ ಪಿಕಪ್‌ನಲ್ಲಿ ತಾನೇ ನುಡಿಸುವುದು? ಟೋನ್ ಅರ್ಧಕ್ಕೆ ಇಳಿಸಿ, ಫ್ಲಾಟ್‌ವೌಂಡ್ ತಂತಿ ಹಾಕಿ. ಅರ್ಧ ಕರ್ಕಶ ಅಲ್ಲೇ ಹೋಗುತ್ತದೆ.

ರೀಡ್ ನಂ. 3
ಮೊದಲು ವಾದ್ಯ ಯಾವುದು ಹೇಳಿ. ಆಲ್ಟೊ ಸ್ಯಾಕ್ಸ್ ಆಗಿದ್ದರೆ ಚಾರ್ಟ್ ಬದಲಿಸಿಕೊಂಡಿದ್ದೀರಾ? ಕನ್ಸರ್ಟ್ ಪಿಚ್ (ಪಿಯಾನೊಗೆ ಬರೆದ) ಚಾರ್ಟ್ ಇಟ್ಟುಕೊಂಡು ಆಲ್ಟೊ ಊದಿದರೆ ಹೊಂದುವುದಿಲ್ಲ.

ಮಲ್ಲೇಶ್ವರಂ ಕೀಸ್
ಹಾಗಾಗಿದ್ದರೆ ಮೊದಲ ಬಾರ್‌ನಿಂದಲೇ ಕೆಡಬೇಕಿತ್ತು ಸರ್. ಇವರಿಗೆ ಐದು ಬಾರ್ ಸರಿ ಹೋಗುತ್ತಿದೆ.

ಕಮಾನು
ಬಾಸ್ ಜಿಯನ್ನೇ ನುಡಿಸುತ್ತದೆ, ಬೇರೆಯಾಗಿ ಕೇಳಿ ನೋಡಿದೆ. ಗಿಟಾರೂ ಅಲ್ಲ, ಸ್ಯಾಕ್ಸೂ ಅಲ್ಲ, ಪಿಟೀಲು. ಪಿಕಪ್ ಹಾಕಿಲ್ಲ. ದಯವಿಟ್ಟು ಕಾರ್ಡ್ ಬಗ್ಗೆ ಹೇಳಿ.

ಸೆಮಿಹಾಲೊ
ಬಾಸ್ ಜಿ ನುಡಿಸಿದರೂ ಪಿಯಾನೊ ಡಿ ಫ್ಲಾಟ್ 7 ನುಡಿಸುತ್ತಿರಬಹುದು. 14ನೇ ಬಾರ್ ನೋಡಿ, ಅಲ್ಲೂ ಡಿ 7 ಬದಲು ಎ ಫ್ಲಾಟ್ 7 ಹಾಕುವ ರೂಢಿ ಇದೆ. ನೀವು ಕೆಡುತ್ತಿರುವ ಎರಡೂ ಜಾಗ ಡಾಮಿನೆಂಟ್ (ಜಿ 7, ಡಿ 7ರಂಥ ಕಾರ್ಡ್) ಆದಮೇಲೆಯೇ ಬರುತ್ತದೆ. ಲೆಕ್ಕ ಸರಿಹೋಯಿತಲ್ಲ!

ಮಲ್ಲೇಶ್ವರಂ ಕೀಸ್
ಸರಿಹೋಗಲಿಲ್ಲ. ಜಿ 7ರಲ್ಲಿ ಬಿ ಮತ್ತು ಎಫ್ ಇವೆ. ಡಿ ಫ್ಲಾಟ್ 7ರಲ್ಲೂ ಅವೇ ಎರಡು ಸ್ವರ, ಕಾರ್ಡ್‌ನ ಮೂಲ ಸ್ವರದಿಂದ ಎಣಿಸಿದರೆ ಮೂರನೆಯದು ಏಳನೆಯದು ಅದಲು ಬದಲು ಅಷ್ಟೇ. ಆ ಬದಲಿ ಕಾರ್ಡ್ ನಡೆಯುವುದೇ ಅದಕ್ಕೆ. ಬಿ ಹಿಡಿದವರಿಗೆ ಯಾವುದಿದ್ದರೂ ತೊಂದರೆ ಇಲ್ಲ. ಮೇಲಾಗಿ 7 ಮತ್ತು 8ರಲ್ಲಿ ಬರೀ ಸಿ ಮೇಜರ್ ಇದೆ. ಅಲ್ಲಿ ಯಾಕೆ ಕೆಡಬೇಕು?

ಕಮಾನು ಅವರು ಬರೆದದ್ದರಲ್ಲಿ ಒಂದು ಸುಳಿವಿದೆ. ಸರಿ ಕೇಳುವುದು ಎಫ್ ಮೈನರ್, ಎ ಫ್ಲಾಟ್ ಮೇಜರ್, ಆಮೇಲೆ ದೂರದ ಇ ಮೇಜರ್. ಕೆಡುವುದು ಸಿ ಮೇಜರ್, ಜಿ ಮೇಜರ್. ಈಗ ಸ್ವರ ಬಿಡಿಸಿ ನೋಡಿ. ಎಫ್ ಮೈನರ್ 7ರಲ್ಲಿ ಎ ಫ್ಲಾಟ್, ಇ ಫ್ಲಾಟ್ ಎರಡೂ ಇವೆ. ಎ ಫ್ಲಾಟ್ ಮೇಜರ್‌ನಲ್ಲಿ ಇರಲೇಬೇಕು. ಇ ಮೇಜರ್ 7ರಲ್ಲಿ ಜಿ ಶಾರ್ಪ್, ಡಿ ಶಾರ್ಪ್ ಇವೆ. ಕೀಬೋರ್ಡ್‌ನಲ್ಲಿ ಅವೇ ಕೀಗಳು. ಸಿ ಮೇಜರ್‌ನಲ್ಲೂ ಜಿ ಮೇಜರ್‌ನಲ್ಲೂ ಅವೆರಡೂ ಇಲ್ಲ. ಜಿ 7 ಮೇಲೆ ಎ ಫ್ಲಾಟ್ ಬಂದರೆ ಫ್ಲಾಟ್ 9 (ಜಿಗಿಂತ ಅರ್ಧ ಮನೆ ಮೇಲಿನ ಸ್ವರ). ಬಿಗುವಾಗಿ ಕೇಳುತ್ತದೆ, ಆದರೆ ಸಹಿಸಬಹುದು. ಮುಂದೆ ಸಿ ಮೇಜರ್ ಬಂದಾಗ ಆ ಬಿಗು ಬಿಡಬೇಕು, ನಿಮ್ಮಲ್ಲಿ ಬಿಡುತ್ತಿಲ್ಲ.

ಕಮಾನು ಅವರೇ, ನಿಮ್ಮ ಕೋಣೆಯಲ್ಲಿ ಎ ಫ್ಲಾಟ್ ಮತ್ತು ಇ ಫ್ಲಾಟ್ ನಿಲ್ಲದೆ ಎಲ್ಲೋ ಮೊಳಗುತ್ತಿವೆ. ಶ್ರುತಿ ಪೆಟ್ಟಿಗೆ ಹಾಕಿದ್ದೀರಾ?

ಕಮಾನು
ಹಾಕಿದ್ದೇನೆ ಮೇಡಂ. ಫೋನಿನಲ್ಲಿ ತಂಬೂರಿ ಆ್ಯಪ್, ಕಪ್ಪು ನಾಲ್ಕು (ಎ ಫ್ಲಾಟ್). ಪಿಟೀಲೂ ಅದಕ್ಕೇ ಶ್ರುತಿ ಮಾಡಿದ್ದು, ಸ-ಪ-ಸ-ಪ. ಶ್ರುತಿ ಇಲ್ಲದೆ ಕಮಾನು ಎತ್ತುವುದೇ ಇಲ್ಲ, ಚಿಕ್ಕಂದಿನಿಂದ ಹಾಗೇ ಕಲಿತದ್ದು.

ರೀಡ್ ನಂ. 3
ಅಲ್ಲಿಗೆ ಕಾರಣ ಸಿಕ್ಕಿತು. ನಿಮ್ಮ ಸ ಎ ಫ್ಲಾಟ್, ಪ ಇ ಫ್ಲಾಟ್.

ಸೆಮಿಹಾಲೊ
ಹಾಗಾದರೆ ತಂತಿಯನ್ನೂ ಪಾಶ್ಚಾತ್ಯರ ಜಿ-ಡಿ-ಎ-ಇಗೆ ಬದಲಿಸಿ. ಜಾಜ್ ಪಿಟೀಲಿನ ಸ್ಟೆಫಾನ್ ಗ್ರಾಪೆಲ್ಲಿ ನುಡಿಸಿದ್ದು ಅದರಲ್ಲೇ. ಜಾಜ್ ಬೇಕು ಅಂದರೆ ಜಾಜ್ ಶ್ರುತಿಯೇ ಬೇಕು.

ಕಮಾನು
ಅದು ಆಗದ ಮಾತು. ಇದೇ ಪಿಟೀಲಿನಲ್ಲಿ ಕಛೇರಿಗೆ ಪಕ್ಕವಾದ್ಯ ನುಡಿಸಬೇಕು. ತಂತಿ ಏರಿಸಿ ಇಳಿಸಿ ಮಾಡಿದರೆ ಶ್ರುತಿ ನಿಲ್ಲುವುದಿಲ್ಲ.

ಮಲ್ಲೇಶ್ವರಂ ಕೀಸ್
ಬದಲಿಸುವ ಅಗತ್ಯವೂ ಇಲ್ಲ. ಜಿ-ಡಿ-ಎ-ಇ ಹಾಕಿದರೆ ಸಿ ಮೇಜರ್‌ನಲ್ಲಿ ನಾಲ್ಕೂ ತಂತಿ ಕೂಡುತ್ತವೆ, ನಿಜ. ಆದರೆ ಎ ಫ್ಲಾಟ್ ಭಾಗದಲ್ಲಿ ಜಿ ಒಂದೇ ಕೂಡುತ್ತದೆ. ತೊಂದರೆ ಜಾಗ ಬದಲಿಸುತ್ತದೆ, ಹೋಗುವುದಿಲ್ಲ. ತಂಬೂರಿ ನಿಲ್ಲಿಸಿ. 6, 7, 8ರಲ್ಲಿ ಖಾಲಿ ತಂತಿ ಮುಟ್ಟಬೇಡಿ, ಎಲ್ಲಾ ಬೆರಳಲ್ಲೇ ಹಿಡಿಯಿರಿ. ಆಮೇಲೆ ಏನಾಯಿತು ಬರೆಯಿರಿ.

ಸೆಮಿಹಾಲೊ
ನನ್ನ ಸೆಟಪ್‌ನಲ್ಲಿ ಈ ರಗಳೆಯೇ ಇಲ್ಲ. ಸೆಮಿಹಾಲೊ ಗಿಟಾರ್, 12ರ ಫ್ಲಾಟ್‌ವೌಂಡ್, ರೋಲ್ಯಾಂಡ್ ಜೆಸಿ-40 ಆ್ಯಂಪ್. ಕೋರಸ್ ಆಫ್, ರಿವರ್ಬ್ ಎರಡು. ಬೇಡದ ತಂತಿಯನ್ನು ಎಡಗೈ ಬೆರಳಿನ ಬದಿಯಲ್ಲೇ ಒತ್ತಿ ಸುಮ್ಮನಾಗಿಸಬಹುದು. ಪಿಟೀಲಿನಲ್ಲೂ ಹಾಗೆ ಮಾಡಬಹುದಲ್ಲ?

ರೀಡ್ ನಂ. 3
ಶ್ರುತಿ ಬಿಡದೆ ಜಾಜ್ ಜೊತೆ ನುಡಿಸಿದವರು ನಮ್ಮಲ್ಲೇ ಇದ್ದಾರೆ, ಅದನ್ನೂ ಹೇಳಬೇಕು. ಅಮೆರಿಕದ ಸ್ಯಾಕ್ಸ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ 1983ರಲ್ಲಿ ‘ಜ್ಯೋತಿ’ ಆಲ್ಬಂ ಮಾಡಿದರು. ಆರ್. ಎ. ರಮಾಮಣಿ ಅವರ ಹಾಡು, ಟಿ. ಎ. ಎಸ್. ಮಣಿ ಅವರ ಮೃದಂಗ. ನಮ್ಮ ಕಡೆಯ ಕದ್ರಿ ಗೋಪಾಲನಾಥರು ರುದ್ರೇಶ್ ಮಹಂತಪ್ಪ ಜೊತೆ 2008ರಲ್ಲಿ ‘ಕಿನ್ಸ್‌ಮೆನ್’ ಮಾಡಿದರು. ಎರಡು ಆಲ್ಟೊ ಎದುರುಬದುರು! ನಾನು ಆಲ್ಟೊ ಹಿಡಿದದ್ದೇ ಕದ್ರಿಯವರನ್ನು ಕೇಳಿ. ಕೀ ಬದಲಾಯಿಸಿದರೆ ಮಾತ್ರ ಜಾಜ್ ಅನ್ನುವುದು ಸರಿಯಲ್ಲ.

ಮಲ್ಲೇಶ್ವರಂ ಕೀಸ್
ಅವೆಲ್ಲ ನನಗೂ ಪ್ರಾಣ. ಆದರೆ ಇವರು ಕೇಳುತ್ತಿರುವುದು 1939ರ ಒಂದು ಬ್ರಾಡ್‌ವೇ ಹಾಡು. 36 ಬಾರ್‌ಗಳಲ್ಲಿ ಎ ಫ್ಲಾಟ್, ಸಿ, ಇ ಫ್ಲಾಟ್, ಜಿ, ಇ, ಮತ್ತೆ ಎ ಫ್ಲಾಟ್. ಇಲ್ಲಿ ಶ್ರುತಿ ಹಿಡಿದು ಕೂತರೆ ಹಾಡೇ ನಡೆಯುವುದಿಲ್ಲ.

ಕಮಾನು
ತಂಬೂರಿ ನಿಲ್ಲಿಸಿದೆ. ಕರ್ಕಶ ಹೋಯಿತು. ಆದರೆ ಪೂರ್ತಿ ಸರಿಯಾಗಿಲ್ಲ. ಸಿ ಮೇಜರ್ ಬಂದಾಗ ನುಡಿಸಿದ್ದು ತಪ್ಪಲ್ಲ, ಆದರೆ ಅದು ಸಿ ಮೇಜರ್ ಅಂತ ಅನ್ನಿಸುವುದೇ ಇಲ್ಲ. ಕಿವಿಯಲ್ಲಿ ಷಡ್ಜ ಇನ್ನೂ ಎ ಫ್ಲಾಟ್‌ನಲ್ಲೇ ಕೂತಿದೆ. ಸ್ಕೇಲ್ ಏರಿಸಿ ಇಳಿಸಿದ ಹಾಗೆ ಕೇಳುತ್ತದೆ, ಹಾಡಿನ ಹಾಗೆ ಅಲ್ಲ.

ಮೇಳ72
ಇದು ಗ್ರಹಭೇದ ಅಷ್ಟೇ. ಎ ಫ್ಲಾಟ್ ಶಂಕರಾಭರಣದಲ್ಲಿ (ಅದೇ ಎ ಫ್ಲಾಟ್ ಮೇಜರ್) ಸಿ ಅಂದರೆ ಗಾಂಧಾರ. ಗಾಂಧಾರವನ್ನೇ ಷಡ್ಜ ಮಾಡಿಕೊಂಡು ನುಡಿಸಿ. ನಮ್ಮವರಿಗೆ ಇದೇನೂ ಹೊಸದಲ್ಲ.

ಮಲ್ಲೇಶ್ವರಂ ಕೀಸ್
ಇದನ್ನು ಒಪ್ಪಲಾರೆ. ಶಂಕರಾಭರಣದ ಗಾಂಧಾರಕ್ಕೆ ಷಡ್ಜ ಸರಿಸಿದರೆ ಬರುವುದು ತೋಡಿ. ಇಲ್ಲಿ ಬೇಕಾದದ್ದು ಸಿ ಮೇಲೆ ಮತ್ತೊಂದು ಶಂಕರಾಭರಣ. ಗ್ರಹಭೇದದಲ್ಲಿ ಸ್ವರಗಳು ಹಾಗೇ ಉಳಿದು ಷಡ್ಜ ಮಾತ್ರ ಸರಿಯುತ್ತದೆ. ಇಲ್ಲಿ ಸ್ವರವೂ ಬದಲು. ಎ ಫ್ಲಾಟ್, ಬಿ ಫ್ಲಾಟ್, ಡಿ ಫ್ಲಾಟ್, ಇ ಫ್ಲಾಟ್ ಹೋಗಿ ಎ, ಬಿ, ಡಿ, ಇ ಬರುತ್ತವೆ. ಉಳಿಯುವುದು ಸಿ, ಎಫ್, ಜಿ ಮೂರೇ. ಗ್ರಹಭೇದ ಅಂದುಕೊಂಡು ಹೋದರೆ ಸಿ ಮೇಜರ್ ಮೇಲೆ ತೋಡಿ ನುಡಿಸಿಬಿಡುತ್ತಾರೆ.

ಮೇಳ72
ನಾನು ಹೇಳಿದ್ದು ಷಡ್ಜ ಸರಿಯುವುದರ ಬಗ್ಗೆ. ಮನಸ್ಸಿನಲ್ಲಿ ಷಡ್ಜ ಸರಿಸುವ ಅಭ್ಯಾಸ ಇಲ್ಲದವರಿಗೆ ನಾಲ್ಕು ಸ್ವರದ ಪಟ್ಟಿ ಕೊಟ್ಟು ಏನು ಪ್ರಯೋಜನ? ಮೊದಲು ಸುಲಭದ್ದು ಕೊಡಿ. ಮೈಲ್ಸ್ ಡೇವಿಸ್ ಅವರ ‘ಸೋ ವಾಟ್’ ಇದೆ, 1959ರದ್ದು. 16 ಬಾರ್ ಡಿ ಡೋರಿಯನ್, 8 ಬಾರ್ ಇ ಫ್ಲಾಟ್ ಡೋರಿಯನ್, ಮತ್ತೆ 8 ಬಾರ್ ಡಿ. ಡೋರಿಯನ್ ಅಂದರೆ ನಮ್ಮ ಖರಹರಪ್ರಿಯ. ಅದೇ ರಾಗ, ಷಡ್ಜ ಅರ್ಧ ಮನೆ ಮೇಲೆ. ಒಂದೇ ಒಂದು ಬದಲಾವಣೆ. ಅದು ಕಿವಿಗೆ ಕೂತಮೇಲೆ ಇಲ್ಲಿಗೆ ಬನ್ನಿ.

ಮಲ್ಲೇಶ್ವರಂ ಕೀಸ್
ಇದು ಒಳ್ಳೆಯ ಸಲಹೆ, ಖಂಡಿತ ಮಾಡಿ.

ಈಗ 6ನೇ ಬಾರ್. ಸ್ಕೇಲ್ ಮರೆತುಬಿಡಿ. ಪ್ರತಿ ಕಾರ್ಡ್‌ನ ಮೂರನೆಯ ಮತ್ತು ಏಳನೆಯ ಸ್ವರ ಮಾತ್ರ ಹಿಡಿಯಿರಿ. ಮೇಜರ್ರೋ ಮೈನರ್ರೋ ಡಾಮಿನೆಂಟೋ ಅಂತ ಹೇಳುವುದು ಅವೆರಡೇ. ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಹೋಗುವಾಗ ಅವು ಒಂದೋ ಅಲ್ಲೇ ನಿಲ್ಲುತ್ತವೆ, ಇಲ್ಲ ಒಂದು ಮೆಟ್ಟಿಲು ಇಳಿಯುತ್ತವೆ. ಮೊದಲ ಏಳು ಬಾರ್‌ಗೆ ಒಂದು ಸಾಲು ಹೀಗೆ:

ಎ ಫ್ಲಾಟ್, ಎ ಫ್ಲಾಟ್, ಜಿ, ಜಿ, ಎಫ್, ಎಫ್, ಇ.

ಬಾರ್‌ಗೆ ಒಂದೇ ಸ್ವರ. ನಿಮ್ಮ ಶ್ರುತಿಯಲ್ಲಿ ಹೇಳುವುದಾದರೆ ಸ, ಸ, ನಿ, ನಿ, ದ, ದ. ಆಮೇಲೆ ಆ ಚತುಶ್ರುತಿ ಧೈವತ ಶುದ್ಧ ಧೈವತಕ್ಕೆ ಇಳಿಯುತ್ತದೆ. ಅದೇ ಇ. ಇನ್ನೊಂದು ಸಾಲಿನಲ್ಲಿ 5ನೇ ಬಾರ್‌ನ ಸಿ 6ಕ್ಕೆ ಬಿ ಆಗುತ್ತದೆ. ಅಂದರೆ ಅಂತರ ಗಾಂಧಾರ ಸಾಧಾರಣ ಗಾಂಧಾರಕ್ಕೆ. ಇಡೀ ತಿರುವು ಇರುವುದು ಈ ಎರಡು ಅರ್ಧ ಮನೆಗಳಲ್ಲಿ. ಎಫ್ ಗಮನಿಸಿ: 5ರಲ್ಲಿ ಡಿ ಫ್ಲಾಟ್ ಮೇಜರ್‌ನ ಮೂರನೆಯದು, 6ರಲ್ಲಿ ಜಿ 7ರ ಏಳನೆಯದು. ಸ್ವರ ಅಲ್ಲೇ ಇದೆ, ಅದರ ಕೆಳಗೆ ಕಾರ್ಡ್ ಬದಲಾಗಿದೆ. ಎಫ್ ಹಿಡಿದುಕೊಂಡೇ ಕಾಯಿರಿ, 7ನೇ ಬಾರ್‌ನ ಮೊದಲ ಬೀಟ್‌ಗೆ ಇ. ಆಗ ಷಡ್ಜ ತಾನಾಗಿ ಸಿಗೆ ಬಂದು ಕೂರುತ್ತದೆ. ಅಲ್ಲಿ ಸದ್ಯಕ್ಕೆ ಕಂಪಿತ ಬೇಡ. ಇ ಅಲುಗಾಡಿ ಎಫ್ ಕಡೆಗೆ ಹೋದರೆ ಇಳಿದದ್ದೇ ಕೇಳುವುದಿಲ್ಲ.

ಕರ್ನ್ ಮಾಡಿದ್ದೂ ಇದನ್ನೇ. ಹಾಡಿನ ಮಟ್ಟು ನೋಡಿ, ಬಹುತೇಕ ಕಾರ್ಡ್‌ಗಳಲ್ಲಿ ಮೂರನೆಯ ಸ್ವರದ ಮೇಲೇ ನಿಂತಿದೆ. ಹಾಗಾಗಿ ಮೊದಲು ಮಟ್ಟನ್ನೇ ಬಾಯಲ್ಲಿ ಹಾಡಿ.

ಇನ್ನೊಂದು ವಿಷಯ. 9ರಿಂದ 15ರ ತನಕ ಇರುವುದು ಇದೇ ದಾರಿ, ಎ ಫ್ಲಾಟ್ ಬದಲು ಇ ಫ್ಲಾಟ್‌ನಿಂದ. ನಿಮ್ಮದು ಸ-ಪ ಶ್ರುತಿ. ಮಂದ್ರ ಸ ತಂತಿಯಲ್ಲಿ ಕಲಿತ ಬೆರಳನ್ನು ಹಾಗೇ ಪಕ್ಕದ ಪ ತಂತಿಗೆ ತೆಗೆದುಕೊಂಡು ಹೋಗಿ. ತಂತಿ ಬದಲಿಸಬೇಡಿ ಅಂದದ್ದು ಇದಕ್ಕೂ ಹೌದು.

ಸೆಮಿಹಾಲೊ
ಎಲ್ಲಾ ಸರಿ. ಆದರೆ 6ರಲ್ಲಿ ಡಿ ಫ್ಲಾಟ್ 7 ಇಟ್ಟು ಕೇಳಿ. ಬಾಸ್ ಡಿ ಫ್ಲಾಟ್‌ನಿಂದ ಸಿಗೆ ಅರ್ಧ ಮನೆ ಇಳಿಯುತ್ತದೆ, ಮೇಲೆ ನೀವು ಎಫ್‌ನಿಂದ ಇಗೆ ಇಳಿಯುತ್ತೀರಿ. ಎರಡೂ ಒಟ್ಟಿಗೆ ಇಳಿಯುವುದು ಕಿವಿಗೆ ಹಬ್ಬ. ನನ್ನ ಮಾತು ಇಷ್ಟೇ.

ಮಲ್ಲೇಶ್ವರಂ ಕೀಸ್
ಅದು ಚೆನ್ನಾಗಿರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಇವರ ತೊಂದರೆಗೆ ಅದು ಕಾರಣ ಅಲ್ಲ ಅಂದೆ.

ಕಮಾನು
ಮೇಡಂ, 7ನೇ ಬಾರ್ ಕೂತಿತು! ಎಫ್ ಹಿಡಿದು ಇಗೆ ಇಳಿದಾಗ ಕೋಣೆಯ ಬಣ್ಣವೇ ಬದಲಾದ ಹಾಗಾಯಿತು. ಎರಡನೇ ಭಾಗವೂ ಪ ತಂತಿಯಲ್ಲಿ ಹಾಗೇ ಬಂತು. ಬ್ರಿಡ್ಜ್ ಕೊನೆಯಲ್ಲಿ ಇ ಮೇಜರ್‌ನಿಂದ ಎಫ್ ಮೈನರ್‌ಗೆ ವಾಪಸ್ ಬರುವುದನ್ನೂ ನಾನೇ ಬಿಡಿಸಿಕೊಂಡೆ. ಜಿ ಶಾರ್ಪ್ ಇ ಮೇಜರ್‌ನ ಮೂರನೆಯದು, ನಡುವೆ ಬರುವ ಸಿ 7 ಶಾರ್ಪ್ 5ರಲ್ಲೂ ಅದೇ ಇದೆ, ಎಫ್ ಮೈನರ್‌ನಲ್ಲಿ ಎ ಫ್ಲಾಟ್ ಆಗಿ ಮತ್ತೆ ಮೂರನೆಯದು. ಮೂರು ಕಾರ್ಡ್ ದಾಟಿದರೂ ನನ್ನ ಷಡ್ಜ ಅಲ್ಲೇ ಇದೆ. ಉಳಿದಿರುವುದು 30ರಿಂದ 33. ಡಿ ಫ್ಲಾಟ್ ಮೈನರ್, ಸಿ ಮೈನರ್, ಬಿ ಡಿಮಿನಿಶ್ಡ್, ಬಿ ಫ್ಲಾಟ್ ಮೈನರ್. ಬಾರ್‌ಗೊಂದು ಕಾರ್ಡ್ ಓಡುತ್ತದೆ, ಹಿಡಿಯಲು ಸಿಗುತ್ತಿಲ್ಲ.

ಮಲ್ಲೇಶ್ವರಂ ಕೀಸ್
ಅಲ್ಲೂ ಮೂರನೆಯದನ್ನೇ ಹಿಡಿಯಿರಿ. 29ರಲ್ಲಿ ಎಫ್. 30ಕ್ಕೆ ಇ, 31ಕ್ಕೆ ಇ ಫ್ಲಾಟ್, 32ಕ್ಕೆ ಡಿ, 33ಕ್ಕೆ ಡಿ ಫ್ಲಾಟ್. 34ರ ಇ ಫ್ಲಾಟ್ 7ರಲ್ಲಿ ಅದೇ ಡಿ ಫ್ಲಾಟ್ ಏಳನೆಯದಾಗಿ ನಿಲ್ಲುತ್ತದೆ. 35ಕ್ಕೆ ಸಿ, ಮನೆ ತಲುಪಿದಿರಿ. ಬರೀ ಅರ್ಧರ್ಧ ಮನೆ ಇಳಿಯುವುದು. ಕಮಾನು ಒಂದೇ ಎಳೆತದಲ್ಲಿ ಇಟ್ಟು ಬೆರಳು ಜಾರಿಸಿ ನೋಡಿ. ಅದು ನಿಮಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತದೆ, ಪಿಯಾನೊದಲ್ಲಿ ನನಗೆ ಜಾರಲು ಆಗುವುದೇ ಇಲ್ಲ.

ರೀಡ್ ನಂ. 3
ರೆಕಾರ್ಡ್ ಮಾಡಿ ಹಾಕಿ ಕಮಾನು ಅವರೇ. ಆ ಜಾರು ಕೇಳಬೇಕು.

ಸೆಮಿಹಾಲೊ
ಟ್ರ್ಯಾಕ್ ನಾನು ಮಾಡಿಕೊಡುತ್ತೇನೆ. ಗಿಟಾರ್ ಮತ್ತು ಬಾಸ್ ಮಾತ್ರ, ಡ್ರಮ್ಸ್ ಬ್ರಷ್‌ನಲ್ಲಿ. ಜಿ 7 ಇರುವುದು ಒಂದು, ಡಿ ಫ್ಲಾಟ್ 7 ಇರುವುದು ಒಂದು. ಯಾವ ಸ್ಪೀಡ್ ಬೇಕು?

ಕಮಾನು
ಎರಡೂ ಕಳಿಸಿ ಸರ್, ದೊಡ್ಡ ಉಪಕಾರ. ಸದ್ಯಕ್ಕೆ ನಿಮಿಷಕ್ಕೆ 100 ಬೀಟ್ ಸಾಕು.