ಬೆಳಗಿನ ಜಾವದ ಬಿಲ್ಲುಗಳು ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತಿವೆ: ಕಾರಣವೇನು?

ಪ್ರಶ್ನೆ: ಹುಬ್ಬಳ್ಳಿಯಿಂದ

ಎಲ್ಲರಿಗೂ ನಮಸ್ಕಾರ. ಇಲ್ಲಿಯ ಸಗಟು ಹೂವಿನ ವ್ಯಾಪಾರಿಯೊಬ್ಬರಿಗೆ ಬಿಲ್ಲು ಬರೆಯುವ ವೆಬ್ ಅಪ್ಲಿಕೇಶನ್ ಮಾಡಿಕೊಟ್ಟಿದ್ದೇನೆ. ಸುತ್ತಲಿನ ಹಳ್ಳಿಗಳಿಂದ ಸೇವಂತಿಗೆ, ಚೆಂಡುಹೂ ಬಂದಿಳಿಯುವುದು ನಸುಕಿನಲ್ಲಿಯೇ ಆದ್ದರಿಂದ ನಾಲ್ಕು ಗಂಟೆಗೇ ವ್ಯವಹಾರ ಆರಂಭವಾಗುತ್ತದೆ. ಆ ಹೊತ್ತಿನ ಬಿಲ್ಲುಗಳಿಗೆಲ್ಲ ನಿನ್ನೆಯ ದಿನಾಂಕ ಬೀಳುತ್ತಿದೆ. ಐದೂವರೆಯ ನಂತರ ಬರೆದವು ಸರಿಯಾಗಿರುತ್ತವೆ. ಹೀಗಾಗಿ ಅವರ ಕಿರ್ದಿಗೂ ನನ್ನ ವರದಿಗೂ ಯಾವ ದಿನವೂ ತಾಳೆಯಾಗುತ್ತಿಲ್ಲ. ಕಂಪ್ಯೂಟರಿನ ಗಡಿಯಾರ ಸರಿಯಾಗಿದೆ. ದಿನಾಂಕವನ್ನು ಜಾವಾಸ್ಕ್ರಿಪ್ಟ್‌ನ ಟು-ಐಎಸ್ಒ-ಸ್ಟ್ರಿಂಗ್ (ಸಮಯವನ್ನು ಪಠ್ಯವಾಗಿ ಕೊಡುವ ಫಂಕ್ಷನ್) ಮೂಲಕ ಪಡೆದು, ವರ್ಷ-ತಿಂಗಳು-ದಿನವಿರುವ ಮೊದಲ ಹತ್ತು ಅಕ್ಷರಗಳನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ಇದಲ್ಲದೆ, ದರಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದರೆ 1000, 120, 80 ಎಂದು ಬರುತ್ತಿದೆ. ಎರಡಕ್ಕೂ ಪರಿಹಾರ ತಿಳಿಸಬೇಕೆಂದು ವಿನಂತಿ.

ಉತ್ತರ: ಧಾರವಾಡದಿಂದ

ಐದೂವರೆ ಎಂಬ ಗಡಿಯನ್ನು ತಾವೇ ಗುರುತಿಸಿದ್ದೀರಿ, ಕಾರಣವೂ ಅಲ್ಲಿಯೇ ಇದೆ. ಟು-ಐಎಸ್ಒ-ಸ್ಟ್ರಿಂಗ್ ಯಾವಾಗಲೂ ಯುಟಿಸಿ (ಜಾಗತಿಕ ಪ್ರಮಾಣ) ಸಮಯವನ್ನೇ ಕೊಡುತ್ತದೆ, ಭಾರತೀಯ ಸಮಯವಾದರೋ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ನಮ್ಮಲ್ಲಿ ಬೆಳಗಿನ 4 ಗಂಟೆಯಾದಾಗ ಯುಟಿಸಿಯಲ್ಲಿ ಹಿಂದಿನ ರಾತ್ರಿಯ 10:30 ಆಗಿರುತ್ತದೆ. ತಾವು ಕತ್ತರಿಸಿಕೊಳ್ಳುವ ಹತ್ತು ಅಕ್ಷರಗಳು ಆ ರಾತ್ರಿಯ ದಿನಾಂಕವೇ. ಹಗಲು ಹೊತ್ತಿನಲ್ಲಿ ಪರೀಕ್ಷಿಸುವವರಿಗೆ ಈ ದೋಷ ಕಾಣಿಸುವುದೇ ಇಲ್ಲ. ಆದ್ದರಿಂದ ಜೆಸ್ಟ್‌ನಂಥ ಪರೀಕ್ಷಾ ಸಾಧನದಲ್ಲಿ ಗಡಿಯಾರವನ್ನು ನಸುಕಿನ ನಾಲ್ಕಕ್ಕೆ ನಿಲ್ಲಿಸಿ ಒಂದು ಪರೀಕ್ಷೆಯನ್ನು ಬರೆದಿಡಿ.

ಗೆಟ್-ಫುಲ್-ಇಯರ್, ಗೆಟ್-ಮಂತ್, ಗೆಟ್-ಡೇಟ್ ಇವು ಸ್ಥಳೀಯ ಸಮಯವನ್ನು ಅನುಸರಿಸುವುದರಿಂದ ಬ್ರೌಸರಿನಲ್ಲಿ ಇವುಗಳಿಂದಲೇ ದಿನಾಂಕವನ್ನು ಕಟ್ಟಬಹುದು. ಗೆಟ್-ಮಂತ್ ಜನವರಿಗೆ ಸೊನ್ನೆ ಎನ್ನುತ್ತದೆ, ಒಂದನ್ನು ಕೂಡಿಸಬೇಕು. ಸಿ ಭಾಷೆಯಿಂದ ಜಾವಾಕ್ಕೆ, ಅಲ್ಲಿಂದ 1995ರಲ್ಲಿ ಜಾವಾಸ್ಕ್ರಿಪ್ಟ್‌ಗೆ ಇಳಿದು ಬಂದ ರೂಢಿ ಇದು.

ದರಗಳ ವಿಷಯ ಸರಳ. ಕ್ರಮವಾಗಿ ಜೋಡಿಸುವ ಸಾರ್ಟ್‌ಗೆ ಹೋಲಿಕೆಯ ಫಂಕ್ಷನ್ ಕೊಡದಿದ್ದರೆ ಅದು ಸಂಖ್ಯೆಗಳನ್ನೂ ಪಠ್ಯವಾಗಿಸಿ ಹೋಲಿಸುತ್ತದೆ, ಒಂದಕ್ಕಿಂತ ಎಂಟು ದೊಡ್ಡದಾದ್ದರಿಂದ 80 ಕೊನೆಗೆ ಬೀಳುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆಯುವ ಫಂಕ್ಷನ್ ಕೊಡಿ.

ಉತ್ತರ: ಗದಗದಿಂದ

ಧಾರವಾಡದವರ ವಿವರಣೆ ಸರಿಯಾಗಿದೆ, ಆದರೆ ಸ್ಥಳೀಯ ಸಮಯವನ್ನು ನಂಬುವುದು ನನಗೆ ಒಪ್ಪಿಗೆಯಿಲ್ಲ. ಕ್ಲೌಡ್ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿಯಲ್ಲಿಯೇ ಓಡುತ್ತವೆ. ನಾಳೆ ಇದೇ ಸಾಲುಗಳನ್ನು ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ಗೆ ಸಾಗಿಸಿದರೆ ಅದೇ ದೋಷ ಮರಳಿ ಬರುತ್ತದೆ. ದಿನಾಂಕಕ್ಕೆ ರೂಪ ಕೊಡುವ ಇಂಟಲ್-ಡೇಟ್-ಟೈಮ್-ಫಾರ್ಮ್ಯಾಟ್‌ಗೆ ಏಷ್ಯಾ-ಕೋಲ್ಕತಾ ಎಂಬ ಸಮಯ ವಲಯವನ್ನು ಸ್ಪಷ್ಟವಾಗಿ ಹೇಳಿ, ಫಾರ್ಮ್ಯಾಟ್-ಟು-ಪಾರ್ಟ್ಸ್‌ನಿಂದ ವರ್ಷ, ತಿಂಗಳು, ದಿನಗಳನ್ನು ಬಿಡಿಬಿಡಿಯಾಗಿ ತೆಗೆದುಕೊಳ್ಳಿ. ಕೆನಡಾ ಅಥವಾ ಸ್ವೀಡನ್ನಿನ ಲೊಕೇಲ್ (ಭಾಷೆ-ದೇಶದ ಬರವಣಿಗೆಯ ರೂಢಿ) ಕೊಟ್ಟು ವರ್ಷ-ತಿಂಗಳು-ದಿನದ ಪಠ್ಯವನ್ನು ನೇರವಾಗಿ ಪಡೆಯುವ ಉಪಾಯ ಬಹಳ ಬಳಕೆಯಲ್ಲಿದೆ, ಆದರೆ ಲೊಕೇಲ್‌ನ ರೂಪ ಓದುವವರಿಗಾಗಿ ಇರುವಂಥದ್ದು. ಅದು ಎಂದಿಗೂ ಬದಲಾಗದೆಂದು ಯಾರೂ ಮಾತು ಕೊಟ್ಟಿಲ್ಲ.

ಇದಕ್ಕಿಂತ ಮುಖ್ಯವಾಗಿ, ವ್ಯಾಪಾರದ ದಿನ ಬೇರೆ, ಬಿಲ್ಲು ಬರೆದ ಕ್ಷಣ ಬೇರೆ. ಮೊದಲನೆಯದನ್ನು ಡೇಟಾಬೇಸಿನಲ್ಲಿ ಬರಿಯ ದಿನಾಂಕವಾಗಿಯೂ ಎರಡನೆಯದನ್ನು ಯುಟಿಸಿ ಸಮಯವಾಗಿಯೂ ಎರಡು ಕಾಲಂಗಳಲ್ಲಿ ಇಡಿ. ಬರಿಯ ದಿನಾಂಕದ ಪಠ್ಯವನ್ನು ಜಾವಾಸ್ಕ್ರಿಪ್ಟ್‌ನ ಡೇಟ್‌ಗೆ ಕೊಟ್ಟರೆ ಅದು ಯುಟಿಸಿಯ ಮಧ್ಯರಾತ್ರಿ ಎಂದೂ, ಅದೇ ಪಠ್ಯಕ್ಕೆ ಗಂಟೆ ಸೇರಿಸಿ ವಲಯವನ್ನು ಹೇಳದಿದ್ದರೆ ಸ್ಥಳೀಯ ಸಮಯ ಎಂದೂ ಅರ್ಥೈಸಲ್ಪಡುತ್ತದೆ. ನಮ್ಮಲ್ಲಿ ಮೊದಲನೆಯದು ಬೆಳಗಿನ ಐದೂವರೆಯಾಗುವುದರಿಂದ ದಿನ ತಪ್ಪುವುದಿಲ್ಲ. ವ್ಯಾಪಾರಿಯ ಮಗ ಅಮೆರಿಕದಲ್ಲಿ ಕುಳಿತು ಅದೇ ಪುಟ ತೆರೆದರೆ ಒಂದು ದಿನ ಹಿಂದೆ ಸರಿದಿರುತ್ತದೆ.

ಉತ್ತರ: ಹಾವೇರಿಯಿಂದ

ದರಗಳ ಬಗ್ಗೆ ಒಂದು ಎಚ್ಚರಿಕೆ. ಅವು ಪುಟದ ಕೋಷ್ಟಕದಿಂದ ಅಲ್ಪವಿರಾಮ ಸಹಿತ ಬರುತ್ತಿದ್ದರೆ ಕಳೆಯುವ ಫಂಕ್ಷನ್ ಒಂದರಿಂದಲೇ ಕೆಲಸವಾಗದು. 1,250 ಎಂಬ ಪಠ್ಯವನ್ನು ನಂಬರ್ ಎಂಬ ಫಂಕ್ಷನ್ ಸಂಖ್ಯೆಯೆಂದು ಒಪ್ಪುವುದಿಲ್ಲ. ಪಾರ್ಸ್-ಇಂಟ್ ಎಂಬ ಫಂಕ್ಷನ್ ಅಲ್ಪವಿರಾಮದ ಬಳಿ ನಿಂತು, ಸದ್ದಿಲ್ಲದೆ 1 ಎಂದು ಕೊಡುತ್ತದೆ. ಹಣದ ಲೆಕ್ಕದಲ್ಲಿ ಇದು ಬಹಳ ಅಪಾಯಕಾರಿ ಎಂದು ನನ್ನ ಅಭಿಪ್ರಾಯ. ೧೨೦ ಎಂದು ಕನ್ನಡ ಅಂಕಿಗಳಲ್ಲಿ ಬರೆದರೂ ಎರಡೂ ಸೋಲುತ್ತವೆ, ಆದ್ದರಿಂದ ಆ ಹತ್ತು ಅಂಕಿಗಳನ್ನು ಮೊದಲೇ ಬದಲಿಸಿಕೊಳ್ಳಬೇಕು. ಮೂಲ ಸಂಖ್ಯೆಯನ್ನು ಬೇರೆಯಾಗಿ ಇಟ್ಟುಕೊಂಡು, ಲಕ್ಷದ ಗುಂಪಿನ ಅಲ್ಪವಿರಾಮಗಳನ್ನು ತೋರಿಸುವಾಗ ಮಾತ್ರ ಸೇರಿಸುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು: ಹುಬ್ಬಳ್ಳಿಯಿಂದ

ಮೂವರಿಗೂ ಧನ್ಯವಾದಗಳು. ದರಗಳು ಈಗ ಸರಿಯಾದ ಕ್ರಮದಲ್ಲಿ ಬರುತ್ತಿವೆ. ಈಗಾಗಲೇ ತಪ್ಪು ದಿನಾಂಕದಲ್ಲಿ ಸೇರಿರುವ ಬಿಲ್ಲುಗಳನ್ನು ತಿದ್ದುವ ದಾರಿ ಇದೆಯೇ? ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಬಿಲ್ಲು ಬರೆದ ಕ್ಷಣವೂ ಡೇಟ್‌ಟೈಮ್ ಕಾಲಂನಲ್ಲಿ ಯುಟಿಸಿಯಾಗಿ ಉಳಿದಿದೆ.

ಉತ್ತರ: ಗದಗದಿಂದ

ಹಾಗಿದ್ದರೆ ಏನೂ ಕಳೆದುಹೋಗಿಲ್ಲ. ಮೊದಲು ಬ್ಯಾಕಪ್ ತೆಗೆದುಕೊಂಡು, ಕನ್ವರ್ಟ್-ಟಿಝಡ್ ಫಂಕ್ಷನ್‌ನಿಂದ ಆ ಕ್ಷಣವನ್ನು ಭಾರತೀಯ ಸಮಯಕ್ಕೆ ಬದಲಿಸಿ, ಅದರ ದಿನಾಂಕವನ್ನು ವ್ಯಾಪಾರದ ದಿನದ ಕಾಲಂಗೆ ಬರೆಯಿರಿ. ವಲಯಗಳನ್ನು ಹೆಸರಿನಿಂದ ಹೇಳದೆ +00:00 ಮತ್ತು +05:30 ಎಂದು ಅಂಕಿಗಳಲ್ಲಿಯೇ ಕೊಡಿ, ಏಕೆಂದರೆ ಸಮಯ ವಲಯದ ಕೋಷ್ಟಕಗಳನ್ನು ತುಂಬಿರದ ಸರ್ವರಿನಲ್ಲಿ ಹೆಸರು ಕೊಟ್ಟರೆ ಉತ್ತರವಾಗಿ ನಲ್ (ಖಾಲಿ ಮೌಲ್ಯ) ಬರುತ್ತದೆ.