ಟೆಕ್ಸಸ್‌ನ ಆಸ್ಟಿನ್‌ನಲ್ಲಿ ನಮ್ಮ ಮೊದಲ ಚಳಿಗಾಲ, ಭಾನುವಾರ ಐಸ್ ಬಿರುಗಾಳಿ ಅಂತಿದ್ದಾರೆ. ಮನೆಯಲ್ಲಿ ಅಪ್ಪ ಅಮ್ಮ, ಮಗು ಇದ್ದಾರೆ. ಏನು ತಯಾರಿ ಮಾಡಲಿ?

ಹಾಸನದ ಮಗಳು:
ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಇಲ್ಲಿ ಆಸ್ಟಿನ್ ಪಕ್ಕದ ರೌಂಡ್ ರಾಕ್‌ಗೆ ಬಂದೆವು, ಬಾಡಿಗೆ ಮನೆ. ಬಂದಾಗ 40 ಡಿಗ್ರಿ ಬಿಸಿಲು, ಚಳಿಯ ಯೋಚನೆಯೇ ಬಂದಿರಲಿಲ್ಲ. ಈಗ ಭಾನುವಾರ ರಾತ್ರಿ ಮೈನಸ್ 10ಕ್ಕೆ ಇಳಿಯುತ್ತದೆ, ಜೊತೆಗೆ ಐಸ್ ಮಳೆ ಅಂತ ಹೇಳುತ್ತಿದ್ದಾರೆ. ಪಕ್ಕದ ಮನೆಯವರು 2021ರ ಫೆಬ್ರವರಿಯ ಚಳಿ ಬಿರುಗಾಳಿಯಲ್ಲಿ ಕರೆಂಟ್ ಇಲ್ಲದೆ ಅವರು ಪಟ್ಟ ಪಾಡು ಹೇಳಿದರು, ಕೇಳಿದ ಮೇಲೆ ನನಗೆ ನಿದ್ದೆ ಬಂದಿಲ್ಲ. ಅಪ್ಪ ಅಮ್ಮ ಹಾಸನದಿಂದ ಬಂದಿದ್ದಾರೆ. ಅಮ್ಮ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಮಗುವಿಗೆ ಎರಡು ವರ್ಷ. ಹೀಟರ್, ಒಲೆ ಎಲ್ಲಾ ಕರೆಂಟಿನವೇ. ಕರೆಂಟ್ ಹೋದರೆ ಏನು ಮಾಡುವುದು? ಅಪ್ಪ ಹೇಳುತ್ತಾರೆ, ಗ್ಯಾರೇಜಿನಲ್ಲಿ ಬಾರ್ಬೆಕ್ಯೂ ಇದ್ದಿಲು ಇದೆಯಲ್ಲ, ಕೆಂಡ ಮಾಡಿ ಹಾಲ್‌ನಲ್ಲಿ ಇಟ್ಟರಾಯ್ತು, ಅಜ್ಜಿ ಮನೆಯಲ್ಲಿ ಅಗ್ಗಿಷ್ಟಿಕೆ ಇಡುತ್ತಿರಲಿಲ್ವಾ ಅಂತ. ಹಾಗೆ ಮಾಡಬಹುದಾ?

ಸೀಡರ್ ಪಾರ್ಕ್ ಅಕ್ಕ:
ತಂಗಿ, ಮೊದಲು ಕೆಂಡದ ಮಾತು. ಬೇಡ. ಯಾವ ಕಾರಣಕ್ಕೂ ಬೇಡ. ಅಪ್ಪನಿಗೆ ಹೀಗೆ ಹೇಳು, ಅಜ್ಜಿ ಮನೆ ಹೆಂಚಿನ ಮನೆ, ಸೂರಿನ ಸಂದಿಯಿಂದ ಹೊಗೆ ಹೊರಗೆ ಹೋಗುತ್ತಿತ್ತು, ಗಾಳಿ ಆಡುತ್ತಿತ್ತು. ಇಲ್ಲಿನ ಮನೆ ಎಸಿಯ ತಂಪು ಹೊರಗೆ ಹೋಗದ ಹಾಗೆ ಮುಚ್ಚಿದ ಡಬ್ಬಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು ಬರುತ್ತದೆ, ಹೊಟ್ಟೆ ತೊಳೆಸುತ್ತದೆ, ಆಮೇಲೆ ನಿದ್ದೆ ಬಂದ ಹಾಗಾಗುತ್ತದೆ, ಎದ್ದೇಳುವುದೇ ಇಲ್ಲ. 2021ರಲ್ಲಿ ಹೂಸ್ಟನ್ ಕಡೆ ನೂರಾರು ಜನ ಇದರಿಂದಲೇ ಆಸ್ಪತ್ರೆ ಸೇರಿದರು. ಒಳಗೆ ಗ್ರಿಲ್ ಹಚ್ಚಿದವರು, ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಒಳಗೆ ಕೂತವರು. ಗ್ಯಾರೇಜ್ ಬಾಗಿಲು ತೆಗೆದಿದ್ದರೂ ಕಾರು ಒಳಗೆ ಚಾಲೂ ಇಡಬಾರದು. ನಾಳೆಯೇ ಅಂಗಡಿಗೆ ಹೋಗಿ ಬ್ಯಾಟರಿ ಹಾಕುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ತಂದು ಮಲಗುವ ಕೋಣೆಯ ಹತ್ತಿರ ಹಾಕು.

ನಮ್ಮ ಮನೆಯಲ್ಲಿ ಆಗ ಸೋಮವಾರ ಬೆಳಗಿನ ಜಾವ ಹೋದ ಕರೆಂಟ್ ಬಂದದ್ದು ಗುರುವಾರ. ಸ್ವಲ್ಪ ಹೊತ್ತು ಹೋಗುತ್ತದೆ, ಸರದಿ ಮೇಲೆ ಬರುತ್ತದೆ ಅಂದಿದ್ದರು, ನಾವೂ ನಂಬಿಕೊಂಡು ಮೊದಲ ರಾತ್ರಿ ಬೇರೆ ಬೇರೆ ಕೋಣೆಯಲ್ಲೇ ಮಲಗಿದೆವು. ಬೆಳಗ್ಗೆ ಎದ್ದಾಗ ನನ್ನ ಅತ್ತೆಯ ಕೈ ಮರಗಟ್ಟಿದ ಹಾಗಿತ್ತು, ಆ ಮುಖ ಇವತ್ತಿಗೂ ಮರೆತಿಲ್ಲ. ನೀನು ಹಾಗೆ ಮಾಡಬೇಡ. ಕರೆಂಟ್ ಹೋದ ತಕ್ಷಣ ಎಲ್ಲರೂ ಒಂದೇ ಸಣ್ಣ ಕೋಣೆಗೆ ಬನ್ನಿ, ಹಾಸಿಗೆ ಪಕ್ಕ ಪಕ್ಕ ಹಾಕಿ, ಬಾಗಿಲ ಕೆಳಗೆ ಟವೆಲ್ ತುರುಕಿ, ಕಿಟಕಿಗೆ ಕಂಬಳಿ ಕಟ್ಟಿ. ತಲೆಗೆ ಟೋಪಿ, ಕಾಲಿಗೆ ಎರಡು ಜೊತೆ ಸಾಕ್ಸ್. ಕರೆಂಟ್ ಇರುವಾಗಲೇ ಚಪಾತಿ ಮಾಡಿಡು, ಫ್ಲಾಸ್ಕಿನಲ್ಲಿ ಬಿಸಿನೀರು ತುಂಬು. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ ಇದ್ದರೆ ಒಲೆ ಇಲ್ಲದೆ ಎರಡು ದಿನ ನಡೆಯುತ್ತದೆ.

ಇನ್ಸುಲಿನ್ ಬಗ್ಗೆ ಇದೊಂದು ಜ್ಞಾಪಕ ಇರಲಿ. ಫ್ರಿಜ್ ನಿಂತಿತು ಅಂತ ಅದನ್ನು ಹೊರಗೆ ಐಸಿನಲ್ಲಿ ಇಡಬೇಡ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಬಳಸುವ ಹಾಗಿಲ್ಲ, ಕರಗಿದರೂ ಅಷ್ಟೇ. ನೀವು ಮಲಗುವ ಕೋಣೆಯಲ್ಲೇ ಬಟ್ಟೆಯಲ್ಲಿ ಸುತ್ತಿ ಇಡು.

ಪ್ಲೇನೋ ನಿವಾಸಿ:
ಮೇಡಂ, ಅಕ್ಕ ಜನರ ವಿಷಯ ಹೇಳಿದ್ದಾರೆ, ನಾನು ನೀರಿನ ವಿಷಯ ಹೇಳುತ್ತೇನೆ, ಯಾಕೆಂದರೆ ನಮ್ಮನೆಯಲ್ಲಿ ಅಟ್ಟದ ಪೈಪ್ ಒಡೆದು ಇಡೀ ಹಾಲ್‌ನ ಸೀಲಿಂಗ್ ಕೆಳಗೆ ಬಿತ್ತು. ಇಲ್ಲಿ ಮನೆ ಕಟ್ಟುವುದು ಬಿಸಿಲಿಗೆ. ಪೈಪುಗಳು ಅಟ್ಟದಲ್ಲಿ, ಹೊರಗೋಡೆಯಲ್ಲಿ ಹೋಗಿರುತ್ತವೆ. ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ, ಪೈಪ್ ಸೀಳುತ್ತದೆ, ಆದರೆ ಗೊತ್ತಾಗುವುದು ಎರಡು ದಿನ ಬಿಟ್ಟು ಐಸ್ ಕರಗಿದಾಗ.

ಇವತ್ತೇ ನಿಮ್ಮ ಮನೆಯ ಮೇನ್ ವಾಲ್ವ್ ಎಲ್ಲಿದೆ ಅಂತ ಹುಡುಕಿ. ಸಾಮಾನ್ಯವಾಗಿ ರಸ್ತೆ ಪಕ್ಕ ಹುಲ್ಲಿನಲ್ಲಿ ಮೀಟರ್ ಪೆಟ್ಟಿಗೆ ಇರುತ್ತದೆ, ಅದರೊಳಗೆ ಇರುತ್ತದೆ. ಅದನ್ನು ತಿರುಗಿಸಲು ಉದ್ದನೆಯ ಕೀಲಿ ಬೇಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಶನಿವಾರದ ಹೊತ್ತಿಗೆ ಖಾಲಿಯಾಗಿರುತ್ತದೆ. ಹೊರಗಿನ ನಲ್ಲಿಯಿಂದ ಗಿಡಕ್ಕೆ ನೀರು ಬಿಡುವ ಪೈಪ್ ಬಿಚ್ಚಿ, ನಲ್ಲಿಗೆ ಹಳೇ ಟವೆಲ್ ಸುತ್ತಿ ಮೇಲೆ ಪ್ಲಾಸ್ಟಿಕ್ ಕಟ್ಟಿ. ಮೇನ್‌ನಿಂದ ಬಹಳ ದೂರದ ನಲ್ಲಿಯಲ್ಲಿ ನೀರು ತೊಟ್ಟಿಕ್ಕಲು ಬಿಡಿ. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ. ಕರೆಂಟ್ ಹೋಗಿ ಮನೆ ತೀರಾ ತಣ್ಣಗಾದರೆ ಮೇನ್ ಮುಚ್ಚಿ, ಎಲ್ಲಾ ನಲ್ಲಿ ತೆಗೆದು ಪೈಪ್ ಖಾಲಿ ಮಾಡಿ. ಅದಕ್ಕೂ ಮೊದಲು ಬಾತ್‌ಟಬ್ ತುಂಬಿಸಿಟ್ಟಿರಬೇಕು, ಟಾಯ್ಲೆಟ್‌ಗೆ ಬೇಕಲ್ಲ. ಮಗು ಇದೆ ಅಂದಿರಿ, ಆ ಟಬ್ ಇರುವ ಬಾತ್‌ರೂಮಿನ ಬಾಗಿಲು ಮುಚ್ಚಿಯೇ ಇರಲಿ. ಕುಡಿಯಲು ಒಬ್ಬರಿಗೆ ದಿನಕ್ಕೆ 4 ಲೀಟರ್ ಲೆಕ್ಕ ಹಾಕಿ. ಆಸ್ಟಿನ್‌ನಲ್ಲೇ 2021ರ ಫೆಬ್ರವರಿ 17ರಿಂದ 23ರವರೆಗೆ ನಲ್ಲಿ ನೀರು ಕಾಯಿಸದೆ ಕುಡಿಯಬೇಡಿ ಅಂತ ಹೇಳಿದ್ದರು, ಕರೆಂಟ್ ಇಲ್ಲದವರು ಎಲ್ಲಿ ಕಾಯಿಸುವುದು ಹೇಳಿ?

ಬೆಸ್ಕಾಂ ಹಳಬ:
ನಾನು ವಿದ್ಯುತ್ ಕ್ಷೇತ್ರದಲ್ಲೇ ಇರುವವನು. ತಯಾರಿ ಮಾಡಿ, ಆದರೆ ಇಷ್ಟೊಂದು ಹೆದರಬೇಡಿ. ಟೆಕ್ಸಸ್‌ನ ಬಹುಪಾಲು ತನ್ನದೇ ಗ್ರಿಡ್, ಅಂದರೆ ವಿದ್ಯುತ್ ಜಾಲ, ಇಟ್ಟುಕೊಂಡಿದೆ, ಹೊರಗಿನಿಂದ ಬರುವ ವಿದ್ಯುತ್ ತೀರಾ ಕಡಿಮೆ. ಟೆಕ್ಸಸ್‌ನದೇ ಊರು ಎಲ್ ಪಾಸೋ ಪಶ್ಚಿಮದ ಗ್ರಿಡ್‌ಗೆ ಸೇರಿದ್ದು, 2021ರಲ್ಲಿ ಅಲ್ಲಿ ಹೆಚ್ಚು ತೊಂದರೆಯೇ ಆಗಲಿಲ್ಲ. ಇಲ್ಲಿ ಗ್ಯಾಸ್ ಬಾವಿಗಳು, ವಿದ್ಯುತ್ ಸ್ಥಾವರದ ಉಪಕರಣಗಳು ಹೆಪ್ಪುಗಟ್ಟಿದವು, ಗಾಳಿಯಂತ್ರಗಳಿಗೂ ಐಸ್ ಹಿಡಿಯಿತು. ಬೇಡಿಕೆಗೆ ತಕ್ಕ ವಿದ್ಯುತ್ ಸಿಗದೆ, 60 ಹರ್ಟ್ಸ್ ಇರಬೇಕಾದ ಫ್ರೀಕ್ವೆನ್ಸಿ (ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವ ಲೆಕ್ಕ) 59.4ಕ್ಕಿಂತ ಕೆಳಗಿಳಿಯಿತು. ಇನ್ನು 4 ನಿಮಿಷ 37 ಸೆಕೆಂಡ್ ಹಾಗೇ ಇದ್ದಿದ್ದರೆ ಇಡೀ ಗ್ರಿಡ್ ಬಿದ್ದು ವಾರಗಟ್ಟಲೆ ಕತ್ತಲಾಗುತ್ತಿತ್ತು. ಅದನ್ನು ತಪ್ಪಿಸಲು 40 ಲಕ್ಷಕ್ಕೂ ಹೆಚ್ಚು ಮನೆಗಳ ಕರೆಂಟ್ ತೆಗೆದರು. ಸರ್ಕಾರದ ಲೆಕ್ಕದಲ್ಲೇ 246 ಜನ ಸತ್ತರು. 2011ರಲ್ಲೂ ಹೀಗೇ ಆಗಿತ್ತು, ಸ್ಥಾವರಗಳನ್ನು ಚಳಿಗೆ ಸಿದ್ಧ ಮಾಡಿ ಅಂತ ಆಗಲೇ ವರದಿ ಬಂದಿತ್ತು, ಮಾಡಲಿಲ್ಲ, ಅದೇ ನನಗೆ ಸಿಟ್ಟು. 2021ರ ನಂತರ ಕಾನೂನು ಬಂತು, ಬ್ಯಾಟರಿ, ಸೋಲಾರ್ ಜಾಸ್ತಿಯಾಗಿದೆ. ಈಗ ಪರಿಸ್ಥಿತಿ ಉತ್ತಮ.

ಸೀಡರ್ ಪಾರ್ಕ್ ಅಕ್ಕ:
ಸರ್, ಗ್ರಿಡ್ ಸರಿಯಿರಬಹುದು. ಆದರೆ 2023ರಲ್ಲಿ, ಜನವರಿ ಕೊನೆ, ಫೆಬ್ರವರಿ ಮೊದಲ ವಾರ, ನಮ್ಮ ಕಡೆ ಕರೆಂಟ್ ಹೋದದ್ದು ಗ್ರಿಡ್‌ನಿಂದಲ್ಲ, ಮರಗಳಿಂದ. ಇಲ್ಲಿನ ಲೈವ್ ಓಕ್ ಮರ ಚಳಿಗಾಲದಲ್ಲೂ ಎಲೆ ಉದುರಿಸುವುದಿಲ್ಲ, ಒಂದೊಂದು ಎಲೆಗೂ ಐಸ್ ಕಟ್ಟಿ ಭಾರಕ್ಕೆ ಕೊಂಬೆ ಮುರಿದು ತಂತಿ ಮೇಲೆ ಬೀಳುತ್ತದೆ. ರಾತ್ರಿಯೆಲ್ಲಾ ಪಟಾಕಿ ಹೊಡೆದ ಹಾಗೆ ಸದ್ದು ಕೇಳುತ್ತಿತ್ತು. ಈ ಸಲವೂ ಐಸ್ ಮಳೆ ಅಂತಿದ್ದಾರೆ, ಅದಕ್ಕೇ ಹೇಳಿದ್ದು. ತಂಗಿ, ಕಾರನ್ನು ಮರದ ಕೆಳಗೆ ನಿಲ್ಲಿಸಬೇಡ. ಭಾನುವಾರ ಗಾಡಿ ಓಡಿಸಲೂಬೇಡ, ಸೇತುವೆಗಳು ಮೊದಲು ಹೆಪ್ಪುಗಟ್ಟುತ್ತವೆ. 2021ರ ಫೆಬ್ರವರಿ 11ರಂದು ಫೋರ್ಟ್ ವರ್ತ್‌ನಲ್ಲಿ 130ಕ್ಕೂ ಹೆಚ್ಚು ಗಾಡಿಗಳು ಒಂದರ ಮೇಲೊಂದು ನುಗ್ಗಿ 6 ಜನ ಹೋದರು. ತೀರಾ ಕಷ್ಟವಾದರೆ 211ಕ್ಕೆ ಫೋನ್ ಮಾಡು, ಹತ್ತಿರದ ಬೆಚ್ಚಗಿನ ಕೇಂದ್ರ ಎಲ್ಲಿದೆ ಹೇಳುತ್ತಾರೆ.

ಹಾಸನದ ಮಗಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಅಕ್ಕನ ಮಾತು ಓದಿ ಹೇಳಿದೆ, ಸ್ವಲ್ಪ ಹೊತ್ತು ಸುಮ್ಮನಿದ್ದು, ಇದ್ದಿಲಿನ ಚೀಲವನ್ನು ತಾವೇ ಹಿತ್ತಲಿನಾಚೆ ಇಟ್ಟು ಬಂದರು. ಅಲಾರಂ ತಂದಾಯ್ತು. ಮೀಟರ್ ಪೆಟ್ಟಿಗೆ ಸಿಕ್ಕಿತು, ಆದರೆ ಒಳಗೆ ಮಣ್ಣು ತುಂಬಿದೆ, ವಾಲ್ವ್ ಕಾಣುತ್ತಿಲ್ಲ, ಮನೆ ಮಾಲೀಕರು ಫೋನ್ ಎತ್ತುತ್ತಿಲ್ಲ. ನಾವೇ ಅಗೆಯಬಹುದಾ?

ಪ್ಲೇನೋ ನಿವಾಸಿ:
ಅಗೆಯಿರಿ ಮೇಡಂ, ಆದರೆ ಕೈಯಿಂದ, ಗ್ಲೌಸ್ ಹಾಕಿಕೊಂಡು. ಮೊದಲು ಕೋಲಿನಿಂದ ಕೆದಕಿ, ಹಾವು, ಜೇಡ ಇರುತ್ತವೆ. ಸಿಕ್ಕಿದ ಮೇಲೆ ಒಂದು ಸಲ ಮುಚ್ಚಿ, ತೆಗೆದು ನೋಡಿ. ಜಾಮ್ ಆಗಿದ್ದರೆ ಬಲ ಹಾಕಬೇಡಿ, ನಗರದ ನೀರಿನ ಇಲಾಖೆಗೆ ಇವತ್ತೇ ಫೋನ್ ಮಾಡಿ.